ಡಾಕ್ಟರಮ್ಮನ ಹತ್ತಿರ ಅವರು ಪಿಸುಗುಟ್ಟಿದ್ದು

ನನ್ನ ಗಂಡ ನಟರಾಜು ಮೇಜಿನ ಮೇಲೆ ಬಾಗಿ ಡಾಕ್ಟರಮ್ಮನ ಹತ್ತಿರ ಏನೋ ಪಿಸುಗುಟ್ಟಿದರು. ಆಕೆ ಜೋರಾಗಿ ನಕ್ಕರು. ಪರೀಕ್ಷೆಗೆ ರಕ್ತ ಕೊಟ್ಟು ಬಂದು ಬಾಗಿಲಿನಿಂದಲೇ ಇದನ್ನು ಕಂಡ ನಾನು ಒಳಗೆ ಕಾಲಿಟ್ಟ ತಕ್ಷಣ ಇಬ್ಬರೂ ಸುಮ್ಮನಾದರು.

ಅವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅಂಡಾಣು ಕೊಡುವ ಹೆಂಗಸು ಹೇಗಿರಬೇಕು? ನನಗೆ ಲೂಪಸ್. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ಬೀಳುವ ಕಾಯಿಲೆ. ಕಿಡ್ನಿ ಉಳಿಸಿದ ಔಷಧವೇ ನನ್ನ ಅಂಡಾಶಯವನ್ನು ಮುಗಿಸಿಬಿಟ್ಟಿತ್ತು. ಈಗ ಕಾಯಿಲೆ ತಣ್ಣಗಿದೆ, ಹೊರಬಹುದು, ಹೆರಬಹುದು. ಅಂಡಾಣು ಮಾತ್ರ ಹೆಸರು ಗೊತ್ತಿಲ್ಲದ ಯಾರದೋ. ಎಲ್ಲದಕ್ಕೂ ಒಪ್ಪಿದ್ದೆ. ಆದರೂ 'ಮಗು' ಎನ್ನುತ್ತಿದ್ದೆನೇ ಹೊರತು 'ನನ್ನ ಮಗು' ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ.

"ಏನ್ರೀ ಹೇಳಿದ್ರಿ ಅವ್ರಿಗೆ?" ನಮ್ಮೂರು ಕೂಟಗಲ್‌ಗೆ ಬರುವ ದಾರಿಯುದ್ದಕ್ಕೂ ಕೇಳಿದೆ.

"ಏನಿಲ್ಲ ಕಣೆ."

ಏನಿಲ್ಲದ್ದಕ್ಕೆ ಯಾರಾದರೂ ಹಾಗೆ ನಗುತ್ತಾರೆಯೇ? ಬೆಳ್ಳಗಿರುವವಳು ಬೇಕು ಎಂದಿರಬೇಕು. ಮಾತ್ರೆ ತಿಂದು ಊದಿದ ನನ್ನ ಮುಖ ಕಾರಿನ ಕನ್ನಡಿಯಲ್ಲಿ ಕಂಡಿತು. ನಾನು ಕನ್ನಡಿಯನ್ನೇ ತಿರುಗಿಸಿಬಿಟ್ಟೆ.

ಭ್ರೂಣ ಸಿದ್ಧವಾಗಿ ಫ್ರೀಜರ್ ಸೇರಿತು. ಗರ್ಭಕ್ಕೆ ಇಡಲು ಮುಂದಿನ ಸೋಮವಾರ ಬನ್ನಿ ಎಂದರು. ಆ ವಾರವೇ ನಟರಾಜು ಚಾಪೆ, ದಿಂಬು ಎತ್ತಿಕೊಂಡು ಮನೆಯ ಹಿಂದಿನ ಹುಳದ ಮನೆಗೆ ಹೊರಟರು.

"ರೇಷ್ಮೆ ಹುಳ ತಂದಿವ್ನಿ. ರಾತ್ರೀನೂ ಸೊಪ್ಪು ಹಾಕ್ಬೇಕು, ಅಲ್ಲೇ ಮಲಗ್ತೀನಿ. ನೀನು ಆ ಕಡೆ ಬರ್ಬೇಡ."

ಹುಳಕ್ಕೆ ಸೋಂಕು ತಗಲಬಾರದೆಂದು ಬಾಗಿಲಿಗೆ ಸುಣ್ಣದ ಪುಡಿಯ ಗೆರೆ ಎಳೆಯುವುದು, ಹೊರಗಿನವರನ್ನು ಬಿಡದಿರುವುದು ನಮ್ಮ ಕಡೆ ಪದ್ಧತಿ. ಆದರೆ ಹೆಂಡತಿ ಯಾವಾಗಿನಿಂದ ಹೊರಗಿನವಳಾದಳು?

ಲೂಪಸ್‌ಗೆ ಬಿಸಿಲಾಗದು. ಕಿಟಕಿಯಿಂದಲೇ ನೋಡಿದೆ. ಹಿಪ್ಪುನೇರಳೆ ತೋಟದಲ್ಲಿ ಒಂದು ಕಡ್ಡಿಯನ್ನೂ ಕತ್ತರಿಸಿರಲಿಲ್ಲ. ಸೊಪ್ಪಿಲ್ಲದೆ ಯಾವ ಹುಳ ಬದುಕುತ್ತದೆ? ಅತ್ತೆ ಕೆಂಚಮ್ಮ ಊಟ ಒಯ್ದು ಬಾಗಿಲಲ್ಲೇ ಇಟ್ಟು ಬರುತ್ತಿದ್ದರು. ಕೇಳಿದರೆ, "ನಂಗೇನ್ ಗೊತ್ತವ್ವ?" ಎಂದು ಕಣ್ಣು ತಪ್ಪಿಸಿದರು.

ಭಾನುವಾರ ಹೊತ್ತು ಇಳಿದ ಮೇಲೆ ಹೋಗಿ ಬಾಗಿಲು ತಳ್ಳಿದೆ. ಹುಳ ಸಾಕುವ ಸ್ಟ್ಯಾಂಡುಗಳೆಲ್ಲ ಖಾಲಿ. ಮೂಲೆಯಲ್ಲಿ ಟವಲು ಹೊದ್ದು ಕೂತಿದ್ದ ನಟರಾಜು ಗಾಬರಿಯಿಂದ ಎದ್ದರು.

"ಸುಣ್ಣ ದಾಟ್ಬೇಡ! ಅಲ್ಲೇ ನಿಂತ್ಕೊ!"

"ಹುಳ ಎಲ್ಲೈತೆ?"

ಅವರು ಟವಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

"ಬೇರೆಯವ್ರ ಅಂಡಾಣು ಅಂತ ಮನಸ್ಸಿಗೆ ಆಗ್ತಿಲ್ವಾ? ಮುಖಕ್ಕೆ ಹೇಳ್ಬುಡಿ. ನಾಳೆ ಬರಲ್ಲ ಅಂತ ಈಗ್ಲೇ ಫೋನ್ ಮಾಡ್ತೀನಿ. ಅಪ್ಪಂಗೇ ಬೇಡದ ಮಗು ನಂಗೂ ಬೇಡ."

ನಟರಾಜು ಮೆಲ್ಲಗೆ ಟವಲು ಸರಿಸಿದರು. ಪಕ್ಕೆಯಿಂದ ಬೆನ್ನಿನವರೆಗೂ ಕೆಂಪು ಗುಳ್ಳೆಗಳ ಪಟ್ಟಿ. ಸರ್ಪಸುತ್ತು.

"ಆ ಮಾತ್ರೆ ತಿಂದು ನಿನ್ ಮೈಲಿ ತಡ್ಕೊಳ್ಳೋ ಶಕ್ತಿ ಇಲ್ಲ, ನಿಂಗೆ ಅಂಟ್ಕೊಂಡ್ರೆ ಏನ್ ಗತಿ ಪ್ರತಿಮಾ? ಹೇಳಿದ್ರೆ ಆರೈಕೆ ಮಾಡಕ್ಕೆ ಓಡ್ಬತ್ತಿದ್ದೆ. ಇಲ್ಲಾಂದ್ರೆ ನಾಳೇದು ಬೇಡ ಅಂತಿದ್ದೆ."

ಅಲ್ಲೇ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ದೂರ ಉಳಿದದ್ದು ಒಳ್ಳೆಯದಾಯಿತು, ಮುಚ್ಚಿಟ್ಟದ್ದು ತಪ್ಪು ಎಂದರು. ನನಗೆ ಅಪಾಯವಿದೆಯೇ ಎಂದು ನೋಡಲು ರಕ್ತ ಪರೀಕ್ಷೆಯಾಗಲಿ, ಅವರ ಗುಳ್ಳೆ ಒಣಗಲಿ, ಭ್ರೂಣ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ತಿಂಗಳು ನೋಡೋಣ ಎಂದರು.

ಮುಂದಿನ ತಿಂಗಳು ಎಂದದ್ದೇ ತಡ, ನಟರಾಜು ಗೋಡೆ ಕಡೆ ತಿರುಗಿ ಅತ್ತರು. ಈ ಮಗು ಅಷ್ಟು ಬೇಕಾಗಿತ್ತೇ ಈ ಮನುಷ್ಯನಿಗೆ? ನನಗೂ ಅಳು ಬಂತು. ಗೆರೆಯ ಈಚೆ ನೆಲದ ಮೇಲೆ ಕೂತೆ. ಆದರೆ ನನ್ನ ಅನುಮಾನ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ.

"ಅವತ್ತು ಏನ್ ಪಿಸುಗುಟ್ಟಿದ್ರಿ?"

ನಟರಾಜು ಕಣ್ಣೊರೆಸಿಕೊಂಡು ಓರೆಗಣ್ಣಲ್ಲಿ ನೋಡಿದರು. ತುಟಿಯ ಮೂಲೆಯಲ್ಲಿ ನಗು. "ಮೂಗಿನ ತುದೀಲೇ ಸಿಟ್ಟಿರೋರು ಯಾರಾದ್ರೂ ಸಿಗ್ತಾರಾ ಮೇಡಂ ಅಂದೆ. ಮಗು ನಿನ್ನಂಗೇ ಇರ್ಲಿ ಅಂತ."

ನನಗೆ ಸಿಟ್ಟು ಬರಲಿಲ್ಲ. ಅದು ಅಪರೂಪ.

"ಅದುಕ್ಕೆ ಅವ್ರೇನಂದ್ರು?"

"ಅದೇನು ಅಂಡಾಣುನಲ್ಲಿ ಬರಲ್ಲ, ಅವ್ವನ್ನ ನೋಡ್ಕೊಂಡು ಕಲೀತದೆ ಅಂದ್ರು."

ನಟರಾಜು ಕೈ ಚಾಚಿದರು. ಗೆರೆ ಕಂಡು ಹಿಂದಕ್ಕೆಳೆದುಕೊಂಡರು.

"ಬೇಗ ವಾಸಿ ಮಾಡ್ಕೊಳ್ಳಿ," ಎಂದು ಗದರಿದೆ. "ನಾನೂ ನನ್ ಮಗೂನೂ ಸೇರಿ ನಿಮ್ಮನ್ನ ಬಯ್ಯೋದು ಬೇಜಾನ್ ಐತೆ."