ಆರದ ಎಂಜಿನ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಎಂಜಿನ್ ಮಾತ್ರ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ.

ನಾನು ಸಣ್ಣ ವಿಮಾನಗಳ ಮೆಕ್ಯಾನಿಕ್. ಪೈಲಟ್ ಆಗಿದ್ದ ನಮ್ಮ ಭಾವ ಹಾರಿಸುತ್ತಿದ್ದಾಗ ಎಂಜಿನ್ ಕೈಕೊಟ್ಟು ವಿಮಾನ ಕೆರೆಗೆ ಬಿತ್ತು. ಭಾವ ಉಳಿಯಲಿಲ್ಲ. ವಾರಗಟ್ಟಲೆ ನೀರಿನಡಿ ಇದ್ದ ಎಂಜಿನ್ನನ್ನು ಎತ್ತಿ ತಂದು ಶೆಡ್ಡಿನಲ್ಲಿ ಇಳಿಸಿದರು. ತಪ್ಪು ಯಂತ್ರದ್ದೋ ಗಂಡನದೋ ಎಂಬುದು ಅಕ್ಕನಿಗೆ ಗೊತ್ತಾಗಬೇಕಿತ್ತು.

ಬಿಸಿ ಎಂಜಿನ್ ಬಿಚ್ಚಬಾರದು, ಮೊದಲು ಅಂಗೈ ಇಟ್ಟು ನೋಡಬೇಕು. ಇದು ನಮ್ಮಲ್ಲಿ ಕಟ್ಟುನಿಟ್ಟು. ಅಭ್ಯಾಸಬಲದಿಂದ ಕೈಯಿಟ್ಟೆ. ಕೆಸರು ಮೆತ್ತಿದ್ದ ಲೋಹ, ಈಗಷ್ಟೇ ಹಾರಿ ಇಳಿದಂತೆ ಬೆಚ್ಚಗಿತ್ತು. ಒಳಗೆ ಬಿಸಿ ಲೋಹ ಆರುವಾಗಿನ ಟಿಕ್ ಟಿಕ್ ಸದ್ದು.

ಹಿರಿಯ ಮೇಸ್ತ್ರಿಯೂ ಮುಟ್ಟಿ ನೋಡಿದರು.

"ಯಾರಯ್ಯಾ ಇದನ್ನ ಓಡಿಸಿದ್ದು?"

"ಓಡಿಸೋಕೆ ಇದರಲ್ಲಿ ಏನು ಉಳಿದಿದೆ ಮೇಸ್ತ್ರಿ? ಮುಂದಿನ ಪ್ರೊಪೆಲ್ಲರೇ ಮುರಿದುಹೋಗಿದೆ."

ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಆರಲಿ ಬಿಡು. ನಾಳೆ ಬಿಚ್ಚೋಣ."

ಆಮೇಲೆ ಒಂದು ಮಳೆಗಾಲ ಕಳೆಯಿತು, ಚಳಿಯೂ ಬಂತು. ಊಟಕ್ಕೆ ಬಡಿಸುವಾಗಲೆಲ್ಲ ಅಕ್ಕ ಕೇಳುತ್ತಾಳೆ, "ಬಿಚ್ಚಿದ್ಯೇನೋ?"

"ನಾಳೆ, ಅಕ್ಕ."

ಇವತ್ತು ಬೆಳಗ್ಗೆಯೂ ಕೈಯಿಟ್ಟು ನೋಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ.