ಬದನೆ ಹೂವಿನ ಬಣ್ಣದ ಸೀರೆ

ಗುರುವಾರ ಬೆಳಿಗ್ಗೆ ಶಿವಲಿಂಗಂ ಬೀರು ತೆರೆದಾಗ ಒಳಗೆ ಸೀರೆ ಇರಲಿಲ್ಲ.

ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳು ಬಾಗಿರಲಿಲ್ಲ. ಸೀರೆಗೆ ಸುತ್ತಿದ್ದ ಬಿಳಿ ಕಾಗದ ಮಾತ್ರ ಬಿದ್ದಿತ್ತು. ತುಡಿಯಲೂರಿನಾಚೆ ಹದಿನಾಲ್ಕು ಮಗ್ಗ ಹಾಕಿಕೊಂಡು ಹತ್ತಿ-ರೇಷ್ಮೆಯ ಕೋರಾ ಸೀರೆ ನೇಯಿಸುತ್ತಿದ್ದ ಆ ಮುದಲಾಳಿ ಬೀರುವಿನ ಮುಂದೆಯೇ ಕುಸಿದು ಕೂತ. ಕೊಯಮತ್ತೂರಿನ ದೊಡ್ಡ ಅಂಗಡಿಯೊಂದು ದೀಪಾವಳಿಗೆಂದು ಕೇಳಿದ್ದ ಹೊಸ ಬಣ್ಣದ ಮೊದಲ ಸೀರೆ ಅದು. ಬದನೆ ಹೂವಿನ ನೇರಳೆ. ಬೇರೆ ಯಾರೂ ಕದ್ದು ನೋಡಬಾರದೆಂದು ಒಂದೇ ಸೀರೆಗಾಗುವಷ್ಟು ನೂಲಿಗೆ ಬಣ್ಣ ಹಾಕಿಸಿದ್ದ. ಉಳಿದ ಎಳೆಗಳನ್ನು ತಾನೇ ಸುಟ್ಟುಹಾಕಿದ್ದ. ಫೋಟೋ ಕೂಡ ತೆಗೆಯಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ.

ನೇಯ್ದವಳು ಸುಬ್ಬಾತಾಳ್. ಇಪ್ಪತ್ತೆರಡು ವರ್ಷದಿಂದ ಅದೇ ಮಗ್ಗದಲ್ಲಿ ಕೂತವಳು. ಬುಧವಾರ ಸಂಜೆ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಕಾರ್ತಿಕೇಯನ್ ಕೈಗೆ ಕೊಟ್ಟು ಹೋಗಿದ್ದಳು. ಕಾರ್ತಿಕೇಯನ್ ಎಂದರೆ ಶಿವಲಿಂಗಂನ ಅಕ್ಕನ ಮಗ. ಮಗ್ಗಗಳ ಉಸ್ತುವಾರಿಯೂ ಅಂಗಡಿಗಳ ವ್ಯವಹಾರವೂ ಅವನದೇ. ಇನ್ನೊಂದು ಕೀಲಿ ಶಿವಲಿಂಗಂನ ಸೊಂಟದಲ್ಲಿತ್ತು.

ಕೀಲಿ ಮುಟ್ಟಿದವರು ಮೂವರು. ಅದರಲ್ಲಿ ಇಬ್ಬರು ಮಾವ, ಅಳಿಯ. ಉಳಿದವಳು ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆದರೂ ನಾಲ್ಕು ದಿನ ಯಾರೂ ಹೇಳಲಿಲ್ಲ.

ಸೋಮವಾರ ಹೇಳಿದರು. ಹದಿನಾಲ್ಕು ಮಗ್ಗಗಳನ್ನೂ ನಿಲ್ಲಿಸಿ, ಎಲ್ಲರ ಮುಂದೆ ಹೇಳಿದರು.

ಶಿವಲಿಂಗಂ ಒಂದು ಫೋಟೋವನ್ನು ಅವಳ ಮೂಗಿನ ಹತ್ತಿರ ಹಿಡಿದ. ಸ್ಟುಡಿಯೋದಿಂದ ಆಗತಾನೆ ಬಂದ ಅಂಗೈಯಗಲದ ಪ್ರಿಂಟು.

"ಇದು ಯಾರು?"

"ನಾನೇ. ನಿನ್ನೆ ತಿರುಪ್ಪೂರಲ್ಲಿ, ನಮ್ಮ ತಂಗಿ ಮಗಳ ಕಲ್ಯಾಣದಲ್ಲಿ."

"ಉಟ್ಟಿರೋ ಸೇಲೆ ಯಾವ್ದು?"

ಸುಬ್ಬಾತಾಳ್ ನೋಡಿದಳು. ಮಂಟಪದ ಬಾಗಿಲಲ್ಲಿ, ಬಂದವರಿಗೆ ಚಂದನ, ಕುಂಕುಮ, ಕಲ್ಲುಸಕ್ಕರೆ ಕೊಡುವ ಮೇಜಿನ ಹಿಂದೆ ತಾನು ನಗುತ್ತ ನಿಂತಿದ್ದಾಳೆ. ಮೈಮೇಲೆ ಬದನೆ ಹೂವಿನ ಬಣ್ಣದ ಸೀರೆ!

"ಇದು... ನಾ ಉಟ್ಟಿದ್ದು ಕೆಂಪು, ಮುದಲಾಳಿ! ಮೂರು ವರ್ಷದ ಕೆಳಗೆ ಇದೇ ತರೀಲಿ, ಈ ಮಗ್ಗದಲ್ಲೇ, ನಾನೇ ನೇಯ್ದು ತಗೊಂಡ ಸೇಲೆ. ನೀವೇ ಕೊಟ್ಟಿದ್ದು!"

"ಅಂಚು ಅದೇ," ಎಂದಳು ಪಕ್ಕದ ಮಗ್ಗದ ಪೆರಿಯನಾಯಕಿ, ಪ್ರಿಂಟನ್ನು ಕೈಗೆ ತೆಗೆದುಕೊಂಡು. "ಬುಟ್ಟಾನೂ ಅದೇ."

"ಒಂದೇ ತರಿ, ಚಿತ್ತಾರ ಎತ್ತೋ ಅಟ್ಟೆಯೂ ಒಂದೇ. ಅಂಚು ಬುಟ್ಟಾ ಅದೇ ಇರದೆ ಇನ್ನೇನಿರುತ್ತೆ? ಬಣ್ಣ ಬೇರೆ ಅಂತಿದೀನಿ!"

"ಬಣ್ಣಾನೇ ಅಲ್ವಾ ಅಕ್ಕಾ, ಫೋಟೋದಲ್ಲಿ ಕಾಣ್ತಿರೋದು?" ಎಂದಳು ಪೆರಿಯನಾಯಕಿ.

ಪ್ರಿಂಟು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಅಂಚು ನೋಡಿದರು, ಬುಟ್ಟಾ ನೋಡಿದರು, ಬಣ್ಣ ನೋಡಿದರು. ಎಲ್ಲರೂ ಅದೇ ಎಂದು ತಲೆಯಾಡಿಸಿದರು. ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವರು. ಸೀರೆಯ ವಿಷಯದಲ್ಲಿ ತಮಗೆ ಮೋಸವಾಗುವುದುಂಟೇ?

ಕಾರ್ತಿಕೇಯನ್ ಬೇಸರದಿಂದೆಂಬಂತೆ ಹೇಳಿದ. "ನಾನು ಮಾಮನ ಪರವಾಗಿ ಮದುವೆಗೆ ಹೋಗಿದ್ದೆ. ಕಂಪನಿ ಕ್ಯಾಮೆರಾ ಕೈಲಿತ್ತು, ಎಲ್ಲರ ಹಾಗೇ ಒಂದು ಫೋಟೋ ತೆಗೆದೆ. ಮನೆಗೆ ಬಂದು ನೋಡಿದ ಮೇಲೇ ಗೊತ್ತಾಗಿದ್ದು."

"ನಮ್ಮ ಜನ ಐನೂರು ಮಂದಿ ಇದ್ರು. ಕೇಳ್ರಿ ಅವ್ರನ್ನ!"

"ನಿಮ್ಮ ಜನ ನಿಮ್ಮ ಕಡೇನೇ ಹೇಳ್ತಾರೆ," ಎಂದ ಕಾರ್ತಿಕೇಯನ್. "ಮದುವೇಲಿ ಹೆಂಗಸರು ಎರಡು ಸಲ ಸೀರೆ ಬದಲಾಯಿಸ್ತಾರಲ್ಲ ಅಕ್ಕಾ?"

"ಕಲ್ಯಾಣದ ಆಲ್ಬಂ ಬರಲಿ..."

"ಅದು ಬರೋಕೆ ಎರಡು ತಿಂಗಳು," ಎಂದ ಶಿವಲಿಂಗಂ. "ನಾಳೆ ಮಧ್ಯಾಹ್ನದೊಳಗೆ ಸೇಲೆ ತಂದಿಡು. ಇಲ್ಲೇ, ಇವರೆಲ್ಲರ ಮುಂದೆ, ತಪ್ಪಾಯ್ತು ಅನ್ನು. ಇಲ್ಲಾಂದ್ರೆ ತರಿ ಬಿಡು. ಈ ಸುತ್ತಮುತ್ತ ಇನ್ನೊಂದು ತರೀಲಿ ನೀ ಕೂರದ ಹಾಗೆ ಮಾಡ್ತೀನಿ."

ಕ್ಯಾಮೆರಾವನ್ನು ಸಾಕ್ಷಿಯೆಂದು ಬೀರುವಿನಲ್ಲಿಟ್ಟು, ಕಾರ್ತಿಕೇಯನ್‌ನ ಕೀಲಿಯನ್ನೂ ಕಸಿದುಕೊಂಡ. ಆ ಮಟ್ಟಿಗೆ ಮುದಲಾಳಿ ನ್ಯಾಯವಂತ. ಸುಬ್ಬಾತಾಳ್ ಪ್ರಿಂಟನ್ನು ಪೆರಿಯನಾಯಕಿಯ ಕೈಯಿಂದ ಕಿತ್ತುಕೊಂಡು ಮನೆಗೆ ನಡೆದಳು.

ಅಳಲಿಲ್ಲ. ಅಳು ಬರುವಷ್ಟು ಜಾಗವೇ ಹೊಟ್ಟೆಯಲ್ಲಿರಲಿಲ್ಲ, ಸಿಟ್ಟೇ ತುಂಬಿತ್ತು. ದಾರಿಯುದ್ದಕ್ಕೂ ಅದನ್ನೇ ನೋಡಿದಳು. ಉಟ್ಟಿದ್ದು ಕೆಂಪೋ ನೇರಳೆಯೋ ಎಂದು ಒಂದು ಗಳಿಗೆ ತನಗೇ ಅನುಮಾನ ಬಂತು. ಆ ಅನುಮಾನ ಬಂದದ್ದಕ್ಕೆ ಸಿಟ್ಟು ಇಮ್ಮಡಿಯಾಯಿತು. ಮನೆಗೆ ಬಂದವಳೇ ಗಂಡ ಮಾಯಣ್ಣನ ಮುಂದೆ ಪ್ರಿಂಟನ್ನು ಎಸೆದಳು.

ಅವನು ನೂಲು ಸುತ್ತುವುದನ್ನು ನಿಲ್ಲಿಸಿ ಬಗ್ಗುವಷ್ಟರಲ್ಲಿ ಮಹಡಿಯ ಬಾಡಿಗೆ ಹುಡುಗಿ ಹಿನಾ ಅದನ್ನು ಎತ್ತಿಕೊಂಡಿದ್ದಳು. ದಾವಣಗೆರೆಯವಳು. ಬಟ್ಟೆಗಳ ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಇಡೀ ದಿನ ಒಂದು ನೀಲಿಗೂ ಇನ್ನೊಂದು ನೀಲಿಗೂ ಎಷ್ಟು ವ್ಯತ್ಯಾಸ ಎಂದು ನೋಡಿ ಬರೆಯುವವಳು.

ಸುಬ್ಬಾತಾಳ್ ನಡೆದದ್ದನ್ನೆಲ್ಲ ಹೇಳಿದಳು. ಹಿನಾ ಪ್ರಿಂಟಿನಿಂದ ಕಣ್ಣು ತೆಗೆಯಲಿಲ್ಲ.

"ಅಮ್ಮಾ, ನೀವು ಸ್ಟಿಕ್ಕರ್ ಬೊಟ್ಟು ಇಡ್ತೀರಾ?"

"ಏನು ಕೇಳ್ತೀಯ ಕಣ್ಣೂ! ಚೌಡೇಶ್ವರಿ ಅಮ್ಮನ ಕುಂಕುಮ ಬಿಟ್ಟು ಬೇರೇದು ಈ ಹಣೆ ಕಂಡಿಲ್ಲ. ನನ್ನ ಮಾನ ಹೋಗ್ತಿದೆ, ನಿಂಗೆ ಪೊಟ್ಟಿನ ಚಿಂತೆಯಾ?"

"ಹೌದು, ಬೊಟ್ಟಿನ ಚಿಂತೆಯೇ," ಎಂದಳು ಹಿನಾ. "ಆ ಕ್ಯಾಮೆರಾ ಬೆಳ್ಳಿ ಬಣ್ಣದ್ದಾ? ಮೇಲೆ ತಿರುಗಿಸೋ ಗುಂಡಿ ಇದೆಯಾ?"

"ಇದೆ. ನೀ ಇಟ್ಕೊಂಡಿದೀಯಲ್ಲ, ಅದೇ ಥರದ್ದು."

"ನಾಳೆ ನಾನು ರಜ ಹಾಕ್ತೀನಿ. ನೀವು ಯಾರ ಕಾಲಿಗೂ ಬೀಳಬೇಡಿ."

"ಬೀಳೋಕೆ ನಂಗೇನು ತಲೆ ಕೆಟ್ಟಿದೆಯಾ?" ಎಂದಳು ಸುಬ್ಬಾತಾಳ್.

ಮಂಗಳವಾರ ಹನ್ನೊಂದಕ್ಕೆ ಇಬ್ಬರೂ ಮಗ್ಗದ ಮನೆಗೆ ಹೋದರು. ಶಿವಲಿಂಗಂ ಹಿನಾಳನ್ನು ಮೇಲಿಂದ ಕೆಳಗೆ ನೋಡಿದ.

"ನೀ ಯಾರಮ್ಮಾ? ವಕೀಲಳಾ?"

"ಅಲ್ಲ ಸರ್, ಇವರ ಮನೆ ಬಾಡಿಗೆದಾರಳು. ಬಣ್ಣ ನೋಡೋದು ನನ್ನ ಕೆಲಸ. ಆ ಕ್ಯಾಮೆರಾ ಹತ್ತು ನಿಮಿಷ ಕೊಡಿ. ನಿಮ್ಮ ಕಣ್ಣೆದುರಿಗೇ ನೋಡ್ತೀನಿ."

"ಅದ್ರಲ್ಲಿ ನೋಡೋಕೆ ಏನಿದೆ?" ಎಂದ ಕಾರ್ತಿಕೇಯನ್. "ಪ್ರಿಂಟ್ ಕೊಟ್ಟಾಗಿದೆಯಲ್ಲ?"

"ನೋಡೋಕೆ ಏನೂ ಇಲ್ಲದಿದ್ರೆ ಕೊಡೋಕೆ ಏನು ಕಷ್ಟ?"

ಶಿವಲಿಂಗಂ ಬೀರು ತೆರೆದು ಕ್ಯಾಮೆರಾ ಕೊಟ್ಟ. ಹಿನಾ ಹಿಂಬದಿಯ ಪುಟ್ಟ ತೆರೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಒಂದು ಕಡೆ ಕೈ ನಿಂತಿತು.

"ಈ ಹಸಿರು ಸ್ಕೂಟಿ ಯಾರದು?"

ಬಾಗಿಲಲ್ಲಿ ನಿಂತಿದ್ದ ಶಿವಲಿಂಗಂನ ಮಗಳು ಕೃತ್ತಿಕಾ, ಕಾಲೇಜು ಹುಡುಗಿ, ನಕ್ಕಳು. "ನಂದೇ ಅಕ್ಕಾ."

"ಹೊರಗೆ ನಿಂತಿರೋದು ಕೆಂಪಲ್ವಾ?"

"ಅದು ಸುಮ್ಮಾ ಆಟಕ್ಕೆ! ಈ ಕ್ಯಾಮೆರಾದಲ್ಲಿ ಕಲರ್ ಸ್ವಾಪ್ ಅಂತ ಒಂದು ಸೆಟ್ಟಿಂಗ್ ಇದೆ. ಒಂದು ಕಲರ್ ತೆಗೆದು ಇನ್ನೊಂದು ಹಾಕುತ್ತೆ."

"ಹೇಗೆ ಹಾಕುತ್ತೆ? ನಿಮ್ಮ ಅಪ್ಪನಿಗೆ ಅರ್ಥ ಆಗೋ ಹಾಗೆ ಹೇಳು."

"ನಡುವೆ ಒಂದು ಸಣ್ಣ ಚೌಕ ಬರುತ್ತೆ. ಅದ್ರೊಳಗೆ ಸ್ಕೂಟಿಯ ಕೆಂಪು ಹಿಡಿದು ಎಡಗಡೆ ಬಟನ್ ಒತ್ತಿದೆ. ಆಮೇಲೆ ಬಾಳೆ ಎಲೆ ಹಿಡಿದು ಬಲಗಡೆ ಬಟನ್. ಆಮೇಲೆ ಫೋಟೋ ತೆಗೆದ್ರೆ ಕೆಂಪೆಲ್ಲ ಹಸಿರು!"

"ಎಂದು ತೆಗೆದೆ?"

"ಶನಿವಾರ ಸಾಯಂಕಾಲ. ತಾರೀಖು ಅಲ್ಲೇ ಇದೆ ನೋಡಿ."

"ಅಂದ್ರೆ ಸೀರೆ ಕಳೆದುಹೋದ ಎರಡು ದಿನದ ಮೇಲೆ. ಸರಿ, ಆಮೇಲೆ ಕ್ಯಾಮೆರಾ ಎಲ್ಲಿ ಹೋಯ್ತು?"

"ಕಾರ್ತಿ ಅತ್ತಾನ್ ತಗೊಂಡ್ರು," ಎಂದು ಅತ್ತೆಯ ಮಗನತ್ತ ಕೈ ತೋರಿಸಿದಳು. "ಮದುವೆಗೆ ಬೇಕು ಅಂದ್ರು. ಇದು ಹೇಗೆ ಮಾಡೋದು ಅಂತಾನೂ ಕೇಳಿದ್ರು, ಹೇಳಿಕೊಟ್ಟೆ..."

ಹುಡುಗಿಯ ನಗು ಅಲ್ಲೇ ನಿಂತಿತು. ತಾನು ಏನು ಹೇಳಿದೆನೆಂದು ಅವಳಿಗೆ ಆಗ ಹೊಳೆಯಿತು.

"ನಂಬಾದೀಂಗ ಮಾಮಾ, ನಂಬಾದೀಂಗ!" ಎಂದ ಕಾರ್ತಿಕೇಯನ್, ನಂಬಬೇಡಿರೆಂದು ಕೈಯಾಡಿಸುತ್ತ. "ಎಲ್ಲಿಂದಲೋ ಬಂದವಳು ಸುಮ್ಮನೆ ಕತೆ ಕಟ್ತಿದಾಳೆ!"

ಹಿನಾ ಕ್ಯಾಮೆರಾದ ಮೇಲಿನ ಗುಂಡಿಯನ್ನು ತಿರುಗಿಸಿ ಕಲರ್ ಸ್ವಾಪ್‌ಗೆ ತಂದಳು. ಬೇರೇನೂ ಮುಟ್ಟಲಿಲ್ಲ. ಶಿವಲಿಂಗಂನ ಮುಖಕ್ಕೆ ಹಿಡಿದು ಒಂದು ಚಿತ್ರ ತೆಗೆದು, ತೆರೆಯನ್ನು ಅವನ ಕಡೆಗೆ ತಿರುಗಿಸಿದಳು.

ಶಿವಲಿಂಗಂ ಪ್ರತಿದಿನ ಹಣೆತುಂಬ ಇಡುತ್ತಿದ್ದ ಕುಂಕುಮ ನೇರಳೆಯಾಗಿತ್ತು. ಅವನು ಗಾಬರಿಯಿಂದ ಹಣೆ ಮುಟ್ಟಿ ಬೆರಳು ನೋಡಿಕೊಂಡ. ಬೆರಳಿಗೆ ಹತ್ತಿದ್ದು ಕೆಂಪೇ.

"ಈ ಕ್ಯಾಮೆರಾ ಕೊನೆಯ ಸಲ ಕಲಿಸಿದ್ದನ್ನ ಮರೆಯೋದಿಲ್ಲ, ಆಫ್ ಮಾಡಿದ್ರೂ," ಎಂದಳು ಹಿನಾ, ಜೊತೆಗೆ ತಂದಿದ್ದ ಪ್ರಿಂಟನ್ನು ಮುಂದಿಟ್ಟು. "ಈಗ ಈ ಪ್ರಿಂಟ್ ನೋಡಿ. ಸೀರೆ ಬಿಟ್ಟು ನೋಡಿ. ಅಮ್ಮನ ಹಣೆ ನೋಡಿ."

ಎಲ್ಲರೂ ಬಗ್ಗಿದರು. ಸುಬ್ಬಾತಾಳ್‌ಳ ಹಣೆಯ ಮೇಲೆ ಕಾಸಿನಗಲದ ಬೊಟ್ಟು. ಅದೂ ನೇರಳೆ!

"ಮೇಜಿನ ಮೇಲಿನ ಬಟ್ಟಲು ನೋಡಿ. ಚಂದನ ಚಂದನದ ಬಣ್ಣದಲ್ಲೇ ಇದೆ. ಪಕ್ಕದ್ದು ಕುಂಕುಮ. ಯಾವ ಮದುವೆ ಮನೇಲಿ ಸರ್, ಬಂದವರಿಗೆ ನೇರಳೆ ಕುಂಕುಮ ಕೊಡ್ತಾರೆ?"

ಪೆರಿಯನಾಯಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ನೀವೆಲ್ಲ ನೇಕಾರರು. ಫೋಟೋ ಕೈಗೆ ಬಂದ ಕೂಡಲೇ ಅಂಚು ನೋಡಿದ್ರಿ, ಬುಟ್ಟಾ ನೋಡಿದ್ರಿ. ಉಟ್ಟವರ ಮುಖ ನೋಡೋ ಅಭ್ಯಾಸ ನಿಮಗಿಲ್ಲ. ಇದನ್ನ ಮಾಡಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು, ಯಾಕಂದ್ರೆ ಅವನೂ ನಿಮ್ಮವನೇ. ಅವನೂ ಮುಖ ನೋಡಲಿಲ್ಲ. ನೋಡಿದ್ರೆ ಈ ಫೋಟೋ ಪ್ರಿಂಟ್ ಹಾಕಿಸ್ತಿರಲಿಲ್ಲ."

"ಆಯ್ತು, ಯಾರೋ ಬಣ್ಣ ಬದಲಾಯಿಸಿದ್ರು," ಎಂದ ಶಿವಲಿಂಗಂ ತೊದಲುತ್ತ. "ಸೇಲೆ ತಗೊಂಡಿದ್ದು ಯಾರು?"

"ಅದನ್ನೂ ಇದೇ ಹೇಳುತ್ತೆ ಸರ್. ಶನಿವಾರ ಸಂಜೆ ಇದಕ್ಕೆ ಗೊತ್ತಿದ್ದದ್ದು ಬಾಳೆ ಎಲೆ ಹಸಿರು. ಭಾನುವಾರ ಮದುವೇಲಿ ಗೊತ್ತಿದ್ದದ್ದು ಬದನೆ ಹೂವಿನ ನೇರಳೆ. ಆ ನಡುವೆ ಯಾರೋ ಇದಕ್ಕೆ ಆ ಬಣ್ಣವನ್ನ ಕಣ್ಣಾರೆ ತೋರಿಸಬೇಕು. ಬಾಯಲ್ಲಿ ಹೇಳಿದ್ರೆ ಕಲಿಯೋದಿಲ್ಲ ಇದು. ಆ ಬಣ್ಣದ ನೂಲು ಎಲ್ಲಿತ್ತು?"

"ಎಲ್ಲೂ ಇರ್ಲಿಲ್ಲ. ಉಳಿದಿದ್ದು ಸುಟ್ಟೆ."

"ಫೋಟೋ?"

"ತೆಗೆಯೋಕೆ ಬಿಡ್ಲಿಲ್ಲ. ಅಂಗಡಿಯವರು ಕೊಟ್ಟ ಒಂದು ಗೇಣು ಎಳೆ ಮಾತ್ರ, ಅದು ನನ್ನ ಜೇಬಲ್ಲೇ ಇದೆ." ತೆಗೆದು ತೋರಿಸಿದ. ಹಿನಾ ಅದನ್ನು ತೆರೆಯ ಮೇಲಿನ ಬೊಟ್ಟಿನ ಪಕ್ಕ ಹಿಡಿದಳು. ಎರಡೂ ಒಂದೇ ಬಣ್ಣವೆಂದು ಹೇಳಲು ಲ್ಯಾಬು ಬೇಕಾಗಿರಲಿಲ್ಲ.

"ಹಾಗಾದ್ರೆ ತೋರಿಸೋಕೆ ಇದ್ದದ್ದು ಒಂದೇ ವಸ್ತು. ಕಳೆದುಹೋದ ಸೀರೆ. ಶನಿವಾರ ಸಂಜೆಯಿಂದ ಸೋಮವಾರದವರೆಗೆ ಕ್ಯಾಮೆರಾ ಯಾರ ಕೈಲಿತ್ತೋ, ಸೀರೆಯೂ ಅವರ ಕೈಲೇ ಇತ್ತು. ಕಾರ್ತಿಕೇಯನ್, ಸೀರೆ ಎಲ್ಲಿ?"

"ನಾನು ಯಾವ್ದಾದ್ರೂ ನೇರಳೆ ಬಟ್ಟೆ ತೋರಿಸಿದ್ರೂ ಆಗ್ತಿತ್ತಲ್ಲ!" ಎಂದ ಕಾರ್ತಿಕೇಯನ್.

ಎಲ್ಲರೂ ಅವನತ್ತ ತಿರುಗಿದರು.

"ಆಗ್ತಿತ್ತೋ ಇಲ್ವೋ," ಎಂದಳು ಹಿನಾ, "ತೋರಿಸಿದ್ದು ನೀನೇ ಅಂತ ಈಗ ಒಪ್ಪಿಕೊಂಡ ಹಾಗಾಯ್ತು."

ಶಿವಲಿಂಗಂ ಅಳಿಯನ ಕೊರಳಪಟ್ಟಿ ಹಿಡಿದ. ಕಾರ್ತಿಕೇಯನ್ ಬಾಯಿಬಿಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬುಧವಾರ ರಾತ್ರಿಯೇ ಸೀರೆ ತೆಗೆದಿದ್ದ. ಸೇಲಂ ಕಡೆಯ ಅಂಗಡಿಯೊಂದು ನಿನ್ನ ಹೆಸರಲ್ಲೇ ಮಗ್ಗ ಹಾಕಿಕೊಡುತ್ತೇವೆ, ಹೊಸ ಬಣ್ಣ ತಂದುಕೊಡು ಎಂದಿತ್ತು. ಕೀಲಿ ಮುಟ್ಟಿದವರು ಮೂವರೇ ಎಂಬ ಮಾತೆದ್ದಾಗ ಹೆದರಿದ. ಕೃತ್ತಿಕಾಳ ಹಸಿರು ಸ್ಕೂಟಿ ನೋಡಿದಾಗ ಉಪಾಯ ಹೊಳೆಯಿತು. ಸೀರೆ ಈಗ ಸೇಲಂನಲ್ಲಿದೆ.

"ಇವಳೇ ಯಾಕೆ?" ಎಂದು ಕೂಗಿದ ಶಿವಲಿಂಗಂ.

"ಅದೇ ಅಂಚಿನ ಸೇಲೆ ಇನ್ಯಾರ ಹತ್ರಾನೂ ಇರ್ಲಿಲ್ಲ ಮಾಮಾ," ಎಂದ ಅವನು, ಅದೇ ಸಾಕಷ್ಟು ಕಾರಣವೆಂಬಂತೆ.

ಸುಬ್ಬಾತಾಳ್‌ಗೆ ಕಳ್ಳ ಸಿಕ್ಕಿದನೆಂಬ ಸಂತೋಷ ಹುಡುಕಿದರೂ ಸಿಗಲಿಲ್ಲ. ನಿನ್ನೆ ತಲೆಯಾಡಿಸಿದ ಒಂದೊಂದು ತಲೆಯೂ ಕಣ್ಣಮುಂದೆ ಬಂತು.

ಶಿವಲಿಂಗಂ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಸುಬ್ಬಾತಾಳ್, ಒಳಗೆ ಬಾಮ್ಮಾ. ರೂಮಲ್ಲಿ ಕೂತು ಮಾತಾಡೋಣ."

"ರೂಮೊಳಗೆ ಎದಕ್ಕೆ ಮುದಲಾಳಿ? ಕಳ್ಳಿ ಅಂದಿದ್ದು ಇಲ್ಲಿ. ಅಲ್ಲ ಅನ್ನೋದೂ ಇಲ್ಲೇ ಆಗ್ಲಿ."

ಶಿವಲಿಂಗಂ ಸುತ್ತ ನೋಡಿದ. ಹದಿನಾಲ್ಕು ಮಗ್ಗಗಳ ಜನ ಕಣ್ಣು ಕೆಳಗೆ ಹಾಕಿದ್ದರು. ಹೇಳಿದ. "ಸುಬ್ಬಾತಾಳ್ ಕದ್ದಿಲ್ಲ. ತಪ್ಪು ನಂದು. ಮನ್ನಿಸಬೇಕು."

"ಕಡೇ ತರಿಯವರಿಗೆ ಕೇಳಿಸ್ಲಿಲ್ಲ."

ಅವನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಪೆರಿಯನಾಯಕಿ ಸೆರಗಿನಲ್ಲಿ ಕಣ್ಣೊರೆಸುತ್ತ ಎದ್ದು ಬಂದು ಕೈ ಹಿಡಿಯಲು ಹೋದಳು. ಸುಬ್ಬಾತಾಳ್ ಕೈ ಕೊಡಲಿಲ್ಲ.

"ಇಪ್ಪತ್ತೆರಡು ವರ್ಷ ನಿನ್ನ ಪಕ್ಕದಲ್ಲೇ ಕೂತಿದ್ದೆ ಪೆರಿಯನಾಯಕಿ. ನನ್ನ ಅಂಚು ಗೊತ್ತು ನಿಂಗೆ, ನನ್ನ ಬುಟ್ಟಾ ಗೊತ್ತು. ನನ್ನ ಮುಖದಲ್ಲಿ ಕುಂಕುಮ ಯಾವ ಬಣ್ಣದಲ್ಲಿರುತ್ತೆ ಅಂತ ಮೊನ್ನೆ ಮೊನ್ನೆ ಬಂದ ಈ ಹುಡುಗಿಗೆ ಗೊತ್ತು, ನಿಂಗೆ ಗೊತ್ತಿಲ್ಲ."

"ಆಗಿದ್ದು ಆಗೋಯ್ತು," ಎಂದ ಶಿವಲಿಂಗಂ. "ತರಿ ನಿನ್ನದೇ. ಹೋಗಿ ಕೂತ್ಕೋಮ್ಮಾ."

ಸುಬ್ಬಾತಾಳ್ ತನ್ನ ಮಗ್ಗದ ಕಡೆ ನೋಡಿದಳು. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಹಿನಾಳ ಹೆಗಲ ಮೇಲೆ ಕೈಯಿಟ್ಟು ಬಾಗಿಲ ಕಡೆಗೆ ನಡೆದಳು.

"ಇವತ್ತು ನಂಗೆ ರಜ," ಎಂದಳು, ತಿರುಗಿ ನೋಡದೆ. "ನಾಳೆ ಬರ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡಿ ಹೇಳ್ತೀನಿ. ನೀವೆಲ್ಲ ಕಾಯ್ರಿ."