ಅವನೆದುರು ಕಲಿತ ಉತ್ತರ

ಮಣಿಪಾಲದಲ್ಲಿ ಸಿಲ್ವೆಸ್ಟರ್ ಅಂಕಲ್‌ನ ಜ್ಯೂಸ್ ಅಂಗಡಿಗೆ ಒಂದೇ ಕಾನೂನು: ಒಳಗೆ ಇಂಗ್ಲಿಷ್ ಮಾತ್ರ. ಬರುವವರೆಲ್ಲ ದೂರದೂರದ ಸ್ಟೂಡೆಂಟ್ಸ್. ಕ್ಯಾಶಿನಲ್ಲಿ ನಾನು, ಹೆಜಮಾಡಿಯ ಹರಿಣಾಕ್ಷಿ. ಮಿಕ್ಸಿಯ ಹತ್ತಿರ ಬಾಗಲಕೋಟೆ ಕಡೆಯ ಹನುಮೇಶ. ಇಂಗ್ಲಿಷಿನಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ದಡ್ಡರು.

ಅಷ್ಟರಲ್ಲಿ ಅಮ್ಮ ಒಂದು ಸಂಬಂಧ ತಂದಳು. ಹುಡುಗ ಲಕ್ಷಿತ್, ಬಾಂಬೆಯಲ್ಲಿ ಬೆಳೆದವನು, ದುಬೈಯಲ್ಲಿ ಕೆಲಸ. ವಿಡಿಯೋ ಕಾಲ್ ಮಾಡಿ, ನನಗೆ ಇಂಗ್ಲಿಷ್ ಬರುತ್ತದಾ ಎಂದು ಮಾತಾಡಿಸಿ ನೋಡುತ್ತಾನಂತೆ. ಮೈಯೆಲ್ಲ ಉರಿಯಿತು. ಸಂತೆಯಲ್ಲಿ ಗುಳ್ಳ ಬದನೆ ಒತ್ತಿ ನೋಡಿದ ಹಾಗೆ ನನ್ನನ್ನೂ ನೋಡುವುದಾ?

"ನೀನೇ ಹುಡುಗ ಆಗು ಮಾರಾಯ, ಪ್ರಶ್ನೆ ಕೇಳು," ಎಂದೆ ಹನುಮೇಶನಿಗೆ.

ಅವನು ಕೈ ಒರೆಸಿಕೊಂಡು ಸ್ಟೂಲ್ ಎಳೆದು ನೆಟ್ಟಗೆ ಕೂತ. ಕಿವಿ ಆಗಲೇ ಕೆಂಪಾಗಿತ್ತು.

"ವಾಟ್ ಮೇಕ್ಸ್ ಯೂ ಹ್ಯಾಪಿ?"

"ಬಂಗುಡೆ ಫ್ರೈ."

"ಸ್ವಲ್ಪ ಛಲೋ ಉತ್ತರ ಹೇಳ್ರಿ."

"ಇಂಗ್ಲಿಷ್ ಓನ್ಲಿ," ಎಂದು ಕಣ್ಣು ಬಿಟ್ಟೆ. ಅವನು ನಕ್ಕುಬಿಟ್ಟ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು. ಸಂಜೆ ನನ್ನ ಬಸ್ಸು ಬರುವವರೆಗೂ ಅವನು ಸ್ಟಾಪಿನಲ್ಲಿ ನಿಲ್ಲುತ್ತಿದ್ದ. ಅವನ ರೂಮಿದ್ದುದು ಇನ್ನೊಂದು ದಿಕ್ಕಿಗೆ. ಕೇಳಿದರೆ "ಫ್ರೆಶ್ ಏರ್" ಎನ್ನುತ್ತಿದ್ದ, ಬಸ್ಸಿನ ಹೊಗೆ ಕುಡಿಯುತ್ತಾ.

ಒಂದು ಮಧ್ಯಾಹ್ನ ಅವನನ್ನೇ ನೋಡುತ್ತಾ ಉತ್ತರ ಕೊಟ್ಟೆ. "ಸಮ್‌ಒನ್ ವೇಟ್ಸ್ ವಿತ್ ಮೀ ಫಾರ್ ಮೈ ಬಸ್. ದಟ್ ಮೇಕ್ಸ್ ಮೀ ಹ್ಯಾಪಿ."

ಅವನು ಮುಚ್ಚಳ ಹಾಕದೆಯೇ ಮಿಕ್ಸಿ ತಿರುಗಿಸಿದ. ಚಿಕ್ಕು ಶರ್ಟಿಗೆಲ್ಲ ಹಾರಿತು. ಒರೆಸಿಕೊಳ್ಳಲೂ ಇಲ್ಲ, ನನ್ನನ್ನೇ ನೋಡುತ್ತಾ ನಿಂತ.

"ಗುಡ್ ಆನ್ಸರ್," ಎಂದ ಮೆಲ್ಲಗೆ.

ಕಾಲ್ ಬಂದ ಭಾನುವಾರ ಬೇಕೆಂದೇ ತಡವರಿಸಬೇಕು ಎಂದುಕೊಂಡಿದ್ದೆ. ಆಗ ಲಕ್ಷಿತನೇ ಬೇಡ ಎನ್ನುತ್ತಾನೆ, ನಾನು ಅಪ್ಪನ ಎದುರು ಬಾಯಿ ತೆರೆಯುವ ಕಷ್ಟವೇ ಇಲ್ಲ. ಆದರೆ ಅವನೂ ಅದೇ ಪ್ರಶ್ನೆ ಕೇಳಬೇಕಾ? ಹಾಳಾದ ನಾಲಿಗೆ, ಪ್ರಾಕ್ಟೀಸ್ ಆದದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿಬಿಟ್ಟಿತು. ಕಣ್ಣೆದುರು ಚಿಕ್ಕು ಹಾರಿದ ಶರ್ಟು.

ಅದು ನನ್ನ ಆಸೆ ಎಂದುಕೊಂಡನೋ ಏನೋ, ಲಕ್ಷಿತನ ಮುಖ ಮೆತ್ತಗಾಯಿತು. "ದೆನ್ ಐ ವಿಲ್ ವೇಟ್ ಟೂ," ಎಂದ. ಅಮ್ಮನಿಗೆ ಅರ್ಥವಾಗಲಿಲ್ಲ, ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಆ ಸಂಜೆಯೇ ನಿಶ್ಚಯ ಮಾಡಿದರು.

ಮರುದಿನ ಹನುಮೇಶನಿಗೆ ಎಲ್ಲ ಹೇಳಿದೆ. ಅವನು ತೊಳೆದ ಗ್ಲಾಸನ್ನೇ ಮತ್ತೆ ತೊಳೆದ.

"ಆ ಮಾತು ನಮ್ದಾಗಿತ್ತಲ್ರಿ," ಎಂದ. "ಅದನ್ನೂ ಕೊಟ್ಬಿಟ್ರಿ?"

"ನಿನಗೆ ಎಂತ, ಬಾಯಿ ಇಲ್ವಾ? ಈ ಮದುವೆ ಬೇಡ ಅಂತ ಒಮ್ಮೆ ಹೇಳು. ಈಗಲೇ ಮನೆಗೆ ಫೋನ್ ಮಾಡ್ತೇನೆ."

"ನಿಮ್ಮಪ್ಪ ನನ್ನ ಒಪ್ತಾರೇನ್ರಿ?"

ದೋಣಿಯಲ್ಲಿ ಮೀನಿಗೆ ಹೋಗುವ ನನ್ನಪ್ಪ, ಮೀನಿನ ಬುಟ್ಟಿ ಹೊರುವ ಅಮ್ಮ, ಅವರಿಗೆ ಊರೇ ಗೊತ್ತಿಲ್ಲದ, ಜಾತಿ ಬೇರೆಯಾದ ಹುಡುಗ. ಆ ಪ್ರಶ್ನೆಯನ್ನು ನಾವು ಯಾವ ಭಾಷೆಯಲ್ಲೂ ಪ್ರಾಕ್ಟೀಸ್ ಮಾಡಿರಲಿಲ್ಲ. ಅವನು ಕಾದ, ನಾನು ಕ್ಯಾಶಿನ ಚಿಲ್ಲರೆ ಎಣಿಸತೊಡಗಿದೆ. ಅದೇ ಉತ್ತರವಾಯಿತು.

"ಕಂಗ್ರಾಜುಲೇಷನ್ಸ್," ಎಂದ ಕೊನೆಗೆ. ಅಷ್ಟು ಉದ್ದದ ಪದ, ಒಂದೂ ತಪ್ಪಿಲ್ಲದೆ.

ಈಗ ಲಕ್ಷಿತ್ ದಿನಾ ಸಂಜೆ ಫೋನ್ ಮಾಡುತ್ತಾನೆ. ನಾನು ಸ್ಟಾಪಿನಲ್ಲಿ ಒಬ್ಬಳೇ ನಿಂತು ಇಂಗ್ಲಿಷ್ ಮಾತಾಡುತ್ತೇನೆ. ತುಂಬಾ ಇಂಪ್ರೂವ್ ಆಗಿದೆಯಂತೆ.